ಆರು ಗಂಟೆಯ ಅಕ್ಕ ಮತ್ತು ಬಿದ್ದವರ ಗುಟ್ಟು

ಬೆಳಿಗ್ಗೆ ಐದು ಐವತ್ತು. ಮೂರನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ನಿಂತು ಅಕ್ಕ ಚಪ್ಪಲಿ ಕಳಚುತ್ತಿದ್ದಾರೆ. ಕರೆಗಂಟೆ ಒತ್ತುವುದಿಲ್ಲ, ಬಾಗಿಲು ಬಡಿಯುವುದೂ ಇಲ್ಲ. ಹೆಗಲ ಚೀಲದಿಂದ ಫಾರಂ ಸಿಕ್ಕಿಸಿದ ರಟ್ಟು ತೆಗೆದು, ಪೆನ್ಸಿಲಿನ ಮೊನೆಯನ್ನು ಹೆಬ್ಬೆರಳಿಗೆ ತಾಗಿಸಿ ನೋಡಿ, ಸುಮ್ಮನೆ ಕಾಯುತ್ತಾರೆ. ಅರ್ಧ ನಿಮಿಷದಲ್ಲಿ ಒಳಗಿನ ಚಿಲಕ ಸದ್ದಿಲ್ಲದೆ ಸರಿಯುತ್ತದೆ. ಉಣ್ಣೆಯ ಟೋಪಿ ಹಾಕಿಕೊಂಡ ತಾತ ತುಟಿಗೆ ಬೆರಳಿಟ್ಟು, ಮಗ ಸೊಸೆ ಮಲಗಿರುವ ಕೋಣೆಯ ಕಡೆ ಕಣ್ಣು ತೋರಿಸಿ, ಬನ್ನಿ ಎಂದು ಕೈಸನ್ನೆ ಮಾಡುತ್ತಾರೆ. ಕಳ್ಳತನಕ್ಕೆ ಬಂದವರ ಹಾಗೆ ಮೂವರೂ ತುದಿಗಾಲಲ್ಲಿ ಒಳಗೆ ಹೋಗುತ್ತೇವೆ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿರುವವನು, ಬರೆಯಲೆಂದು ಅಕ್ಕನ ಜೊತೆ ಬಂದ ನಾನೊಬ್ಬನೇ, ಅದಕ್ಕೂ ಅಕ್ಕ ಕಣ್ಣಲ್ಲೇ ಗದರುತ್ತಾರೆ.

ಒಳಗೆ ಹೋದರೂ ಅವರು ಕೂರುವುದಿಲ್ಲ. "ಮನೆ ತೋರಿಸಿ ತಾತ" ಎಂದು ಪಿಸುಗುಡುತ್ತಾರೆ. ಐವತ್ತು ಸಲ ನೋಡಿದ ಮನೆಯದು. ಆದರೂ ತಾತ ಹೊಸ ನೆಂಟರಿಗೆ ತೋರಿಸುವವರ ಹಾಗೆ ಗಂಭೀರವಾಗಿ ಮುಂದೆ ನಡೆಯುತ್ತಾರೆ. ಹೊಸಿಲ ಬಳಿ ಅಕ್ಕ ನಿಂತು ಮುಖ ನೋಡುತ್ತಾರೆ, ತಾತ ಇಲ್ಲವೆಂದು ತಲೆಯಾಡಿಸುತ್ತಾರೆ. ಮಂಚದ ಪಕ್ಕ, ಇಲ್ಲ. ಅಡುಗೆಮನೆಯ ನಲ್ಲಿಯ ಹತ್ತಿರ, ಇಲ್ಲ. ಬಚ್ಚಲಿಗೆ ಬಂದಾಗ ತಾತನ ಕೈ ತಾನಾಗಿ ಗೋಡೆ ಹಿಡಿಯುತ್ತದೆ.

"ಇಲ್ಲಿ ಒಂದ್ಸಲ. ಸೋಪು ಜಾರ್ತು, ತಗೊಳ್ಳೋಣ ಅಂತ ಬಗ್ಗಿದೆ. ಆಮೇಲೆ ನೋಡಿದ್ರೆ ನಾನೂ ಸೋಪೂ ಇಬ್ರೂ ನೆಲದ ಮೇಲಿದ್ವಿ."

ಬಾಲ್ಕನಿಯಲ್ಲಿ ಇನ್ನೊಂದು ಸಲ. ಒಣಗಿದ ಬಟ್ಟೆ ತೆಗೆಯಲು ಸ್ಟೂಲು ಹತ್ತಿದ್ದರಂತೆ. ಎಪ್ಪತ್ತೆಂಟರ ವಯಸ್ಸಿನಲ್ಲಿ ಸ್ಟೂಲು ಹತ್ತುವ ದರ್ದೇನಿತ್ತು ಎಂದು ಅಕ್ಕ ಪಿಸುದನಿಯಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ತಾತ ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸುತ್ತಾರೆ. ತಲೆಗೆ ಪೆಟ್ಟಾಯಿತೇ, ಎದ್ದದ್ದು ಹೇಗೆ, ಎಷ್ಟು ಹೊತ್ತು ನೆಲದ ಮೇಲೇ ಇದ್ದರು, ಎಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಫಾರಂ ಮೇಲೆ ಎರಡು ಗೆರೆ ಬೀಳುತ್ತವೆ. ಹನ್ನೊಂದು ನಿಮಿಷದಲ್ಲಿ ನಾವು ಹೊರಗಿದ್ದೇವೆ.

ಮನೆಯವರಿಗೆ ಯಾಕೆ ಹೇಳಲಿಲ್ಲ ಎಂದು ಮೆಟ್ಟಿಲ ತನಕ ಬಂದ ತಾತನನ್ನು ಕೇಳಿದೆ. ದಿನಾ ಬೆಳಿಗ್ಗೆ ಅವರೇ ಮೂರು ಮಹಡಿ ಇಳಿದು ಪತ್ರಿಕೆ ತರುತ್ತಾರೆ, ಕೆಳಗಿನ ಕಲ್ಲುಬೆಂಚಿನ ಮೇಲೆ ಗೆಳೆಯರೊಂದಿಗೆ ಒಂದು ಗಂಟೆ ಕೂರುತ್ತಾರೆ. "ಬಿದ್ದೆ ಅಂದ್ರೆ ನನ್ನ ಮಗ ಪೇಪರನ್ನ ಮನೆಗೇ ತರಿಸ್ತಾನೆ. ಒಳ್ಳೇ ಹುಡುಗ, ತರಿಸೇ ತರಿಸ್ತಾನೆ. ಆಮೇಲೆ ಕೆಳಗಿಳಿಯೋಕೆ ನನಗೇನು ನೆಪ ಇರುತ್ತೆ?"

ಈ ತಾತನ ಮಹಡಿ, ವಯಸ್ಸು, ಟೋಪಿ, ಎಲ್ಲವನ್ನೂ ನಾನು ಬದಲಿಸಿ ಬರೆದಿದ್ದೇನೆ. ಜೊತೆಗೆ ಬರಲು ಅಕ್ಕ ಹಾಕಿದ ಮೊದಲ ಷರತ್ತು ಅದು. ಎರಡನೆಯದು, ಒಳಗೆ ಬರಬೇಡ ಎಂದವರ ಮನೆಯ ಮುಂದೆ ಮೆಟ್ಟಿಲ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಆ ಬೆಳಿಗ್ಗೆ ಮುಂದಿನ ಎರಡು ಮನೆಗಳಲ್ಲಿ ನಾನು ಹಾಗೆಯೇ ಕೂತೆ.

ನಗರದ ಆರೋಗ್ಯ ಇಲಾಖೆಯಲ್ಲಿ ಅಕ್ಕನ ಹುದ್ದೆಗೆ 'ಕ್ಷೇತ್ರ ಗಣತಿದಾರರು, ತಾತ್ಕಾಲಿಕ' ಎಂದು ಹೆಸರು. ತಾತ್ಕಾಲಿಕವಾಗಿ ಹದಿನಾಲ್ಕು ವರ್ಷವಾಯಿತು. ಅರವತ್ತೈದು ದಾಟಿದವರು ವರ್ಷಕ್ಕೆ ಎಷ್ಟು ಸಲ ಬೀಳುತ್ತಾರೆ, ಎಲ್ಲಿ ಬೀಳುತ್ತಾರೆ, ಬಿದ್ದ ಮೇಲೆ ಏನಾಗುತ್ತದೆ ಎಂದು ಲೆಕ್ಕ ಹಾಕುವುದು ಕೆಲಸ. ಅವರ ಪಾಲಿಗೆ ಬಂದ ವಾರ್ಡಿನ ಪಟ್ಟಿಯಲ್ಲಿ ಅಂಥ ಇನ್ನೂರ ಹನ್ನೆರಡು ಜನರಿದ್ದಾರೆ. ಮೂರು ತಿಂಗಳಿಗೊಂದು ಸುತ್ತು, ದಿನಕ್ಕೆ ನಾಲ್ಕು ಮನೆ. ಎಂಟೂಕಾಲಿಗೆ ಮನೆಗಳು ಗಲಗಲ ಎನ್ನುವ ಹೊತ್ತಿಗೆ ಅಕ್ಕನ ಕೆಲಸ ಮುಗಿದಿರುತ್ತದೆ. ಆ ಓಣಿಗಳ ಮುದುಕರು ಅವರನ್ನು ಆರು ಗಂಟೆಯ ಅಕ್ಕ ಎನ್ನುತ್ತಾರೆ. ಎಂಬತ್ತೈದರ ಅಜ್ಜ ನಲವತ್ತೇಳರ ಹೆಂಗಸನ್ನು ಅಕ್ಕ ಎಂದು ಕರೆಯುವುದನ್ನು ಕೇಳಿದರೆ ಯಾರಿಗಾದರೂ ನಗು ಬರುತ್ತದೆ.

ಮೊದಲು ಅವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನಲ್ಲಿದ್ದರು. ದಿನಕ್ಕೆ ಆರುನೂರು ಅಂಗಿ ತಿರುವಿಹಾಕಿ ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ಗುಂಡಿ ಸಡಿಲವಿದೆ ಎಂದು ಹುಡುಕುವುದು. ಕಾರ್ಖಾನೆ ಮುಚ್ಚಿದಾಗ ಮೂರು ತಿಂಗಳ ಕೆಲಸವೆಂದು ಇದಕ್ಕೆ ಸೇರಿದರು. ಗಂಡ ಬೇಕರಿಯಲ್ಲಿ ಕೆಲಸ ಮಾಡುತ್ತಾರೆ. ಒಲೆ ಹಚ್ಚಲು ಅವರು ನಾಲ್ಕಕ್ಕೇ ಹೊರಡುವುದರಿಂದ ಆ ಮನೆಯಲ್ಲಿ ಬೇಗ ಏಳುವುದು ಯಾರಿಗೂ ಹೊಸದಲ್ಲ. ಅಮ್ಮನ ಉದ್ಯೋಗವೇನು ಎಂದು ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಮಗಳು, ಬಿದ್ದವರನ್ನು ಎಣಿಸುವುದು, ಎತ್ತುವುದಲ್ಲ, ಎನ್ನುತ್ತಾಳಂತೆ. ಇದನ್ನು ಹೇಳುವಾಗ ಅಕ್ಕನ ಮುಖದಲ್ಲಿ ಮಗಳ ಮೇಲಿನ ಹೆಮ್ಮೆ ಬಚ್ಚಿಟ್ಟರೂ ಕಾಣುತ್ತದೆ.

ಆರು ಗಂಟೆಗೆ ಹೋಗುವುದನ್ನು ಅವರಿಗೆ ಇಲಾಖೆ ಕಲಿಸಿದ್ದಲ್ಲ. ಇಲಾಖೆಯ ತರಬೇತಿಯಲ್ಲಿ ಹೇಳಿಕೊಟ್ಟದ್ದು, ಕಚೇರಿಯ ವೇಳೆಯಲ್ಲಿ ಹೋಗಿ, ಕುರ್ಚಿಯಲ್ಲಿ ಕೂತು, ಮೂರು ತಿಂಗಳಲ್ಲಿ ಬಿದ್ದಿದ್ದೀರಾ ಎಂದು ಕೇಳಿ, ಉತ್ತರ ಬರೆದುಕೊಂಡು ಬರುವುದು. ಮೊದಲ ಸುತ್ತಿನಲ್ಲಿ ಅಕ್ಕ ಅದನ್ನೇ ಮಾಡಿದರು. ಯಾರೂ ಬಿದ್ದಿರಲಿಲ್ಲ. ಹೊಲಿಗೆ ಟೀಚರಾಗಿದ್ದು ನಿವೃತ್ತರಾದ ಒಬ್ಬ ಅಜ್ಜಿ ಮಾತ್ರ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದರು. ಅವರೂ ಬಿದ್ದಿರಲಿಲ್ಲ. ಬಾಗಿಲು ಬಡಿಯಿತು ಎಂದರು. ಎದುರಿಗಿದ್ದ ಸೊಸೆಯೂ ಹೌದು, ಗಾಳಿಗೆ ಬಾಗಿಲು ಬಡಿಯಿತು, ಎಂದರು. ಅಕ್ಕ ಇಲ್ಲ ಎಂದು ಬರೆದುಕೊಂಡರು.

ಸೊಸೆ ಫೋನು ಬಂತೆಂದು ಎದ್ದು ಹೋದ ಗಳಿಗೆಯಲ್ಲಿ ಟೀಚರ್ ಅಜ್ಜಿ ಅಕ್ಕನ ಕೈಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋದರು. ನೆಲ ತೋರಿಸಿದರು. ಹಿಂದಿನ ತಿಂಗಳು ಬಿದ್ದದ್ದು, ಅದರ ಹಿಂದಿನ ತಿಂಗಳು ಮಂಚದ ಪಕ್ಕ ಬಿದ್ದದ್ದು, ಪೇಟೆಯ ಮೆಟ್ಟಿಲ ಮೇಲೆ ಬಿದ್ದದ್ದು, ಒಂದೊಂದನ್ನೂ ಆಯಾ ಜಾಗಕ್ಕೆ ಬೊಟ್ಟು ಮಾಡಿ ಹೇಳಿದರು. ಪೇಟೆಯ ಮೆಟ್ಟಿಲಿಗೆ ಕಿಟಕಿಯಿಂದ ಬೊಟ್ಟು ಮಾಡಿದರಂತೆ. ಕೊನೆಗೆ ಇಷ್ಟು ಹೇಳಿದರು.

"ಬಿದ್ದೆ ಅಂತ ಗೊತ್ತಾದ್ರೆ ಬಚ್ಚಲ ಚಿಲಕ ಕೀಳ್ತಾರೆ. ಈ ಮನೇಲಿ ನಾನೊಬ್ಳೇ ಇರೋ ಜಾಗ ಅದೊಂದೇ ಕಣಮ್ಮ. ನಿಜ ಬೇಕು ಅಂದ್ರೆ ಬೆಳಿಗ್ಗೆ ಬಾ, ಇವರೆಲ್ಲ ಏಳೋಕೆ ಮೊದಲು. ಮತ್ತೆ ಯಾರಿಗೂ ಹೇಳ್ಬಾರ್ದು."

ಅಕ್ಕ ಮಾತು ಕೊಟ್ಟರು. ಮುಂದಿನ ಸುತ್ತಿನಿಂದ ಎಲ್ಲ ಮನೆಗಳಿಗೂ ಆರು ಗಂಟೆಗೆ ಹೋದರು, ಮುದುಕರು ಹೇಗೂ ಆ ಹೊತ್ತಿಗೆ ಎದ್ದೇ ಇರುತ್ತಾರೆ. ಕೂತು ಕೇಳುವುದನ್ನು ಬಿಟ್ಟು ನಡೆದು ಕೇಳತೊಡಗಿದರು. ಕೂತಲ್ಲಿ ನೆನಪಾಗದ್ದು ಬಚ್ಚಲ ಬಾಗಿಲಲ್ಲಿ ನಿಂತರೆ ನೆನಪಾಗುತ್ತದೆ ಎನ್ನುವುದು ಅವರ ಅನುಭವ. ಗುಟ್ಟು ಎಂದರೆ ಕೈಕಟ್ಟಿ ಕೂರುವುದಲ್ಲ. ಜಾರುವ ಕಾಲೊರಸನ್ನು ತಾವೇ ಸುತ್ತಿ ಮೂಲೆಗಿಡುತ್ತಾರೆ. ತಲೆಗೆ ಪೆಟ್ಟಾಗಿದೆ ಎಂದರೆ, ಮಗನನ್ನೋ ಮಗಳನ್ನೋ ಎಬ್ಬಿಸಿ ಆ ಮುದುಕರೇ ಬಾಯಿಬಿಡುವ ತನಕ ಆ ಮನೆಯಿಂದ ಏಳುವುದಿಲ್ಲ. ಹಾಗೆ ಒಂದು ಮನೆಯಲ್ಲಿ ಹತ್ತೂವರೆಯವರೆಗೆ ಕೂತಿದ್ದರಂತೆ.

ಹದಿಮೂರು ವರ್ಷ ಇದನ್ನು ಯಾರೂ ಗಮನಿಸಲಿಲ್ಲ. ಹನ್ನೆರಡು ವಾರ್ಡುಗಳ ಲೆಕ್ಕವನ್ನು ಕೂಡಿಸಿ ನಗರಕ್ಕೆಲ್ಲ ಒಂದೇ ಅಂಕಿ ಕೊಡುವುದು ರೂಢಿಯಾಗಿತ್ತು. ಹೋದ ವರ್ಷ ಇಲಾಖೆಗೆ ಹೊಸದಾಗಿ ಬಂದ ಅಂಕಿಅಂಶದ ಮೇಡಂ ವಾರ್ಡುವಾರು ಪಟ್ಟಿ ತೆಗೆದರು. ಹನ್ನೊಂದು ವಾರ್ಡುಗಳಲ್ಲಿ ನೂರಕ್ಕೆ ಒಂಬತ್ತೋ ಹತ್ತೋ ಜನ ಬಿದ್ದಿದ್ದರು. ಅಕ್ಕನ ವಾರ್ಡಿನಲ್ಲಿ ಮೂವತ್ತನಾಲ್ಕು. ಇಂಥ ಅಂಕಿ ಕಂಡಾಗ ಲೆಕ್ಕದವರಿಗೆ ಬರುವ ಮೊದಲ ಅನುಮಾನ ಒಂದೇ, ಗಣತಿದಾರರು ಮನೆಗಳಿಗೆ ಹೋಗದೆ ಕೂತಲ್ಲೇ ಫಾರಂ ತುಂಬಿದ್ದಾರೆ ಎಂಬುದು.

ಮರುತಪಾಸಣೆಗೆ ಇಬ್ಬರು ಬಂದರು. ಬಿದ್ದಿದ್ದಾರೆ ಎಂದು ಅಕ್ಕ ಬರೆದಿದ್ದ ಇಪ್ಪತ್ತಾರು ಮನೆಗಳನ್ನು ಆರಿಸಿಕೊಂಡು, ಎಲ್ಲರೂ ಮನೆಯಲ್ಲಿ ಸಿಗಲಿ ಎಂದು ರಜೆಯ ದಿನ ಹನ್ನೊಂದು ಗಂಟೆಗೆ ಹೋದರು. ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಫೈಲು. ಸೋಫಾದಲ್ಲಿ ಕೂತು, ಮಗ ಸೊಸೆ ಮೊಮ್ಮಕ್ಕಳ ಮುಂದೆ ಗಟ್ಟಿ ದನಿಯಲ್ಲಿ ಕೇಳಿದರು. ಇಪ್ಪತ್ತನಾಲ್ಕು ಜನ ಬಿದ್ದೇ ಇಲ್ಲ ಎಂದರು. ಒಬ್ಬರು ಒಂಬತ್ತನೆಯ ವಯಸ್ಸಿನಲ್ಲಿ ಮರದಿಂದ ಬಿದ್ದದ್ದನ್ನು ವಿವರವಾಗಿ ಹೇಳಿದರು. ಇನ್ನೊಬ್ಬರು ಹೌದೆಂದದ್ದು, ಅವರು ಬಿದ್ದಾಗ ಮನೆಯವರೆಲ್ಲ ನೋಡಿದ್ದರಿಂದ.

ಇದಿಷ್ಟೇ ಆಗಿದ್ದರೆ ಅಕ್ಕ ನುಂಗಿಕೊಳ್ಳುತ್ತಿದ್ದರು. ಟೀಚರ್ ಅಜ್ಜಿಯ ಮನೆಯಲ್ಲಿ ಮಾತ್ರ ತಪಾಸಣೆಯವರು ತಪ್ಪು ಮಾಡಿದರು. ಅಜ್ಜಿ ಇಲ್ಲ ಎಂದಾಗ, ಹಾಗಾದರೆ ಬಚ್ಚಲಲ್ಲಿ ಎರಡು ಸಲ ಬಿದ್ದಿರಿ ಎಂದು ಫಾರಂನಲ್ಲಿ ಬರೆದಿದೆಯಲ್ಲ, ಎಂದು ಓದಿಯೇಬಿಟ್ಟರು. ಸೊಸೆ ಕೆಟ್ಟವರಲ್ಲ. ಗಾಬರಿಯಾಗಿ ಅತ್ತರು, ಅತ್ತೆ ನನಗ್ಯಾಕೆ ಹೇಳಲಿಲ್ಲ ಎಂದು ಕೈಹಿಡಿದುಕೊಂಡರು. ಸಂಜೆಯೊಳಗೆ ಬಡಗಿಯನ್ನು ಕರೆಸಿ ಬಚ್ಚಲ ಚಿಲಕ ಬಿಚ್ಚಿಸಿದರು. ಅಂದಿನಿಂದ ಅಜ್ಜಿ ಒಳಗಿದ್ದಾಗ ಹೊರಗೊಬ್ಬರು ನಿಂತು, ಆಯ್ತಾ, ಆಯ್ತಾ, ಎಂದು ಕೇಳುತ್ತಿರುತ್ತಾರೆ. ಪ್ರೀತಿಯಿಂದಲೇ. ಎಂಬತ್ತೆರಡನೆಯ ವಯಸ್ಸಿನಲ್ಲಿ ಆ ಪ್ರೀತಿ ಎಷ್ಟು ಭಾರವಿರಬಹುದೆಂದು ಯೋಚಿಸಿ ನನಗೂ ಸಂಕಟವಾಯಿತು.

ಅಕ್ಕನಿಗೆ ಈ ಸುದ್ದಿ ಮುಟ್ಟುವ ಹೊತ್ತಿಗೆ ಅವರನ್ನು ಕಚೇರಿಗೆ ಕರೆಸಿ ಮುದ್ರೆ ಒತ್ತುವ ಮೇಜಿನಲ್ಲಿ ಕೂರಿಸಿದ್ದರು. ವಾರ್ಡಿನ ಲೆಕ್ಕವನ್ನು ಪಟ್ಟಿಯಿಂದ ತೆಗೆಯಲು ತೀರ್ಮಾನವಾಗಿತ್ತು, ತಿಂಗಳ ಕೊನೆಗೆ ಅವರ ಕೆಲಸವೂ ಮುಗಿಯಲಿತ್ತು. ಆರೋಗ್ಯಾಧಿಕಾರಿ ಒಳ್ಳೆಯವರೇ, ಉಪಾಯವನ್ನೂ ಹೇಳಿದರು. ಇಬ್ಬರು ಮುದುಕರನ್ನು ಕರೆತಂದು ತಮ್ಮ ಮುಂದೆ ಹೌದು ಎನ್ನಿಸಿದರೆ ಸಾಕು, ಕೆಲಸದಿಂದ ತೆಗೆಯುವ ಕಾಗದ ಹರಿದು ಹಾಕುತ್ತೇನೆ ಎಂದರು. ಅಕ್ಕ ಒಪ್ಪಲಿಲ್ಲ. ಆ ಕೋಣೆಯಲ್ಲಿ ಅವರು ಹೇಳಿದ್ದನ್ನು ನನಗೆ ತಿಳಿಸಿದವರು ಅಲ್ಲೇ ಇದ್ದ ಅಂಕಿಅಂಶದ ಮೇಡಂ.

"ಹೇಳಲ್ಲ ಅಂದಿದ್ದಕ್ಕೇ ಅವರೆಲ್ಲ ಹೇಳಿದ್ದು ಸರ್. ಈಗ ನನ್ನ ಕೆಲಸ ಉಳಿಸ್ಕೊಳ್ಳೋಕೆ ಹೇಳ್ಬಿಟ್ರೆ, ನೀವು ಬರೆದಿರೋದೇ ನಿಜ ಆಗುತ್ತೆ. ನಾನು ಸುಳ್ಳಿ ಅಂತ."

ಮೇಡಂ ಚಿಕ್ಕ ವಯಸ್ಸಿನವರು, ದಪ್ಪ ಕನ್ನಡಕ, ಮಾತು ಕಡಿಮೆ. ಅನುಮಾನದ ಗೆರೆ ಎಳೆದವರು ತಾವೇ ಆದ್ದರಿಂದ ಅವರಿಗೆ ಆ ದಿನ ಊಟ ಸೇರಲಿಲ್ಲವಂತೆ. ಆಸ್ಪತ್ರೆಗಳಿಂದ ಬರುವ ಇನ್ನೊಂದು ಪಟ್ಟಿಯನ್ನು ತೆಗೆದು ಪಕ್ಕದಲ್ಲಿಟ್ಟರು. ಸೊಂಟದ ಮೂಳೆ ಮುರಿದು ದಾಖಲಾದ ಮುದುಕರ ಪಟ್ಟಿ ಅದು. ಅದರಲ್ಲಿ ಹನ್ನೆರಡು ವಾರ್ಡುಗಳೂ ಹೆಚ್ಚುಕಡಿಮೆ ಸಮ, ಎಲ್ಲ ಕಡೆಯೂ ಸಾವಿರಕ್ಕೆ ಆರೇಳು. ಮರುದಿನ ಎರಡೂ ಪಟ್ಟಿಗಳನ್ನು ಹಿಡಿದುಕೊಂಡು ಅಧಿಕಾರಿಯ ಮುಂದೆ ನಿಂತರು. "ಮೂಳೆ ಎಲ್ಲ ಕಡೆ ಒಂದೇ ಥರ ಮುರೀತಿದೆ ಸರ್. ಬೀಳೋದು ಮಾತ್ರ ಈ ಒಂದೇ ವಾರ್ಡಲ್ಲಿ ಜಾಸ್ತಿ. ಉಳಿದ ಹನ್ನೊಂದು ವಾರ್ಡಲ್ಲಿ ಜನ ಬೀಳದೇನೇ ಸೊಂಟ ಮುರ್ಕೋತಿದ್ದಾರಾ?"

ಅಧಿಕಾರಿ ಆ ಕಾಗದವನ್ನು ಹರಿದು ಹಾಕಿದರಂತೆ. ಸುಳ್ಳಾಗಿದ್ದದ್ದು ಹನ್ನೊಂದು ವಾರ್ಡುಗಳ ಲೆಕ್ಕ, ಅದನ್ನು ಯಾರೂ ಬೇಕೆಂದು ಸುಳ್ಳು ಮಾಡಿರಲಿಲ್ಲ. ಕೇಳಬಾರದ ಹೊತ್ತಿನಲ್ಲಿ, ಕೇಳಬಾರದವರ ಮುಂದೆ ಕೇಳಿದ್ದರು, ಅಷ್ಟೇ. ಮುಂದಿನ ಸುತ್ತಿಗೆ ಎಲ್ಲ ವಾರ್ಡುಗಳ ಗಣತಿದಾರರಿಗೂ ಅಕ್ಕನಿಂದಲೇ ಪಾಠವಾಯಿತು. ಬೆಳಗಿನ ಆರು, ಒಬ್ಬರೇ ಇರುವಾಗ, ನಡೆಯುತ್ತ. ನಗರದ ಅಂಕಿ ಹನ್ನೊಂದರಿಂದ ಮೂವತ್ತೊಂದಕ್ಕೆ ಏರಿತು. 'ಮುದುಕರು ಬೀಳುವುದು ಮೂರು ಪಟ್ಟು ಹೆಚ್ಚಳ, ಇಲಾಖೆ ನಿದ್ದೆಯಲ್ಲಿ' ಎಂದು ಒಂದು ಪತ್ರಿಕೆ ಬೊಬ್ಬೆ ಹಾಕಿತು. ಅದು ನಮ್ಮದೇ ಪತ್ರಿಕೆ. ಮರುದಿನ ನಮ್ಮ ಕಚೇರಿಗೆ ಫೋನು ಮಾಡಿ, ಬಿದ್ದದ್ದು ಹೆಚ್ಚಾಗಿಲ್ಲ, ಹೇಳಿದ್ದು ಹೆಚ್ಚಾಗಿದೆ, ಎಂದು ನನಗೆ ಹತ್ತು ನಿಮಿಷ ಬುದ್ಧಿ ಹೇಳಿದ ಹೆಂಗಸೇ ಈ ಅಕ್ಕ. ನಮ್ಮ ಪರಿಚಯ ಆದದ್ದು ಹಾಗೆ.

ಅಂಕಿ ಸರಿಯಾದ ಮೇಲೆ ಕೆಲಸವೂ ಆಯಿತು. ಎಪ್ಪತ್ತು ದಾಟಿದವರಿರುವ ಪ್ರತಿ ಮನೆಯ ಬಚ್ಚಲ ಗೋಡೆಗೂ ಹಿಡಿಕೆ, ಹಳೆಯ ಕಟ್ಟಡಗಳ ಮೆಟ್ಟಿಲಿಗೆ ದೀಪ. ಬಿದ್ದವರ ಮನೆಗೆ ಮಾತ್ರ ಹಾಕೋಣ ಎಂದು ಯಾರೋ ಸಭೆಯಲ್ಲಿ ಅಂದಾಗ ಹಿಂದಿನ ಸಾಲಿನಲ್ಲಿದ್ದ ಅಕ್ಕ ಎದ್ದು ನಿಂತು ಬೇಡ ಎಂದರಂತೆ. ಎಲ್ಲರ ಮನೆಗೂ ಹಾಕಿದರೆ ಯಾರು ಬಿದ್ದರೆಂದು ಯಾರಿಗೂ ತಿಳಿಯುವುದಿಲ್ಲ.

ಇಷ್ಟೆಲ್ಲ ಆದರೂ ಒಂದು ಬಾಗಿಲು ತೆರೆದಿಲ್ಲ. ಟೀಚರ್ ಅಜ್ಜಿ ತಮ್ಮ ಗುಟ್ಟನ್ನು ಅಕ್ಕನೇ ಬಿಟ್ಟುಕೊಟ್ಟರೆಂದು ನಂಬಿದ್ದಾರೆ. ಮೇಡಂ ಖುದ್ದಾಗಿ ಹೋಗಿ ಕ್ಷಮೆ ಕೇಳಿ, ತಪ್ಪು ಇಲಾಖೆಯದೆಂದು ಹೇಳಿದರೂ ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕ ಮತ್ತೆ ಕೆಲಸಕ್ಕೆ ಬಂದ ಮೇಲಿನ ನಾಲ್ಕು ಸುತ್ತುಗಳಲ್ಲೂ ಮನೆಯವರು ಏಳುವ ಮೊದಲೇ ಆ ಬಾಗಿಲ ಮುಂದೆ ಹತ್ತು ನಿಮಿಷ ನಿಂತು, 'ಬಾಗಿಲು ತೆರೆಯಲಿಲ್ಲ' ಎಂದು ಬರೆದುಕೊಂಡು ಬಂದಿದ್ದಾರೆ. ನಿಯಮದ ಪ್ರಕಾರ ಮೂರು ಸುತ್ತು ಸಿಗದವರ ಹೆಸರು ತೆಗೆಯಬಹುದು. ಅಕ್ಕ ತೆಗೆದಿಲ್ಲ.

"ಅವರು ನನ್ನ ಕೆಲಸಕ್ಕೆ ಗುರು. ಉಳಿದ ಇನ್ನೂರ ಹನ್ನೊಂದು ಜನ ಹೇಳ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಮೊದಲು ಹೇಳಿದ್ದು ಅವರು. ಅವರ ಹತ್ರ ನನ್ನ ಮಾತು ನಿಲ್ಲಲಿಲ್ಲ ಅನ್ನೋದು ಇದೆಯಲ್ಲ, ಅದು ಇಲ್ಲಿ ಕೂತ್ಬಿಟ್ಟಿದೆ" ಎಂದು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಬೇರೇನಾದರೂ ಆಸೆ ಇದೆಯೇ, ಕೆಲಸ ಖಾಯಂ ಆಗುವುದು, ಒಂದು ಸನ್ಮಾನ, ಎಂದು ನಾನು ಪತ್ರಿಕೆಯವರ ಚಾಳಿಯಂತೆ ಕೇಳುತ್ತೇನೆ. ಖಾಯಂ ಮಾಡಿದರೆ ಬೇಡ ಎನ್ನುವುದಿಲ್ಲವಂತೆ. ಸನ್ಮಾನಕ್ಕೆ ಬಿಡುವಿಲ್ಲವಂತೆ.

ಈ ಬೆಳಗಿನ ನಾಲ್ಕನೆಯ ಮನೆ ಟೀಚರ್ ಅಜ್ಜಿಯದೇ. ಇಲ್ಲಿ ನಡೆದದ್ದನ್ನು ಅಜ್ಜಿಯ ಗುರುತು ಬದಲಿಸಿ ಬರೆಯಲು ಅಕ್ಕ ಒಂದು ವಾರ ಬಿಟ್ಟು ಒಪ್ಪಿಗೆ ಕೊಟ್ಟರು, ಯಾರನ್ನು ಕೇಳಿ ಕೊಟ್ಟರೆಂದು ಹೇಳಲಿಲ್ಲ. ನನ್ನನ್ನು ಕೆಳಗಿನ ತಿರುವಿನಲ್ಲಿ ನಿಲ್ಲಿಸಿ, ಅವರು ಮೇಲೆ ಹೋಗಿ ಚಪ್ಪಲಿ ಕಳಚುತ್ತಾರೆ. ನಿಮಿಷಗಳು ಕಳೆಯುತ್ತವೆ. ಎದುರು ಮನೆಯಲ್ಲಿ ಯಾರೋ ಕೆಮ್ಮಿ ಸುಮ್ಮನಾಗುತ್ತಾರೆ. ಒಳಗೆ ಚಪ್ಪಲಿ ಎಳೆದುಕೊಂಡು ನಡೆಯುವ ಸದ್ದು ಬಾಗಿಲ ತನಕ ಬಂದು ನಿಲ್ಲುತ್ತದೆ. ಬಾಗಿಲು ತೆರೆಯುವುದಿಲ್ಲ. ಅಕ್ಕ ಮಾತಾಡುವುದಿಲ್ಲ, ಹೋಗುವುದೂ ಇಲ್ಲ. ಹತ್ತು ನಿಮಿಷ ಆಗಿಹೋಗುತ್ತದೆ. ಅಕ್ಕ ರಟ್ಟನ್ನು ಗೋಡೆಗೆ ಒತ್ತಿ ಹಿಡಿದು ಬರೆಯಲು ಪೆನ್ಸಿಲು ಎತ್ತುತ್ತಾರೆ.

"ಅಡುಗೆಮನೇಲಿ ಒಂದು" ಎಂದು ಒಳಗಿನಿಂದ ಸಣ್ಣ ದನಿ ಬರುತ್ತದೆ. "ಮಂಚದ ಹತ್ರ ಒಂದು. ಬಚ್ಚಲಲ್ಲಿ ಇಲ್ಲ, ಅಲ್ಲಿ ಈಗ ಹಿಡಿಕೆ ಇದೆ."

ಅಕ್ಕನ ಪೆನ್ಸಿಲು ನಿಂತಲ್ಲೇ ನಿಂತಿದೆ. ಪೆಟ್ಟಾಯಿತೇ ಎಂದು ಬಾಗಿಲನ್ನು ಕೇಳುತ್ತಾರೆ. ಮೊಣಕೈಗೆ, ಈಗ ವಾಸಿ, ಎಂದು ಬಾಗಿಲು ಹೇಳುತ್ತದೆ. ಅಕ್ಕ ಒಂದು ಗೆರೆ ಎಳೆಯುತ್ತಾರೆ, ಇನ್ನೊಂದು ಎಳೆಯುತ್ತಾರೆ. ಒಳಗಿನ ಹೆಜ್ಜೆ ತಿರುಗಿ ಹೊರಟದ್ದು ಕೇಳಿಸುತ್ತದೆ, ಮತ್ತೆ ನಿಲ್ಲುತ್ತದೆ.

"ನನ್ನ ಸೊಸೆಗೆ ಹೇಳ್ಬೇಡ."

"ಇಲ್ಲ ಅಜ್ಜಿ. ಹೇಳಲ್ಲ."